ಯುದ್ಧಕ್ಕೊಂದು ವಂದನಾರ್ಪಣೆ

ಕೊಲ್ಲಿ ದೇಶದ ನಮ್ಮ ಕನ್ನಡ ಸಂಘದಲ್ಲಿ ಮನೆಗೊಂದೇ ವೋಟು. ಅದೂ ಯಾರ ನೌಕರಿಯ ಮೇಲೆ ಮನೆಯವರ ಇಕಾಮಾ ಎಂಬ ವಾಸದ ಪರವಾನಗಿ ನಿಂತಿದೆಯೋ ಅವರಿಗೆ, ಎಂದರೆ ಗಂಡಂದಿರಿಗೆ. ಅವರು ಕೈ ಎತ್ತಿದರೆ ಮನೆಯೆಲ್ಲ ಎತ್ತಿದಂತೆ. ಹೆಂಗಸರ ಕೈ ಬೇಕಾಗುವುದು ಯುಗಾದಿಗೆ ಒಬ್ಬಟ್ಟು ತಟ್ಟುವಾಗ ಮಾತ್ರ.

ನಾನೂ ಬಹಳ ಕಾಲ ಸುಮ್ಮನಿದ್ದೆ. ಸಂಘದ ಹಾಲ್‌ನಲ್ಲಿ ಶುಕ್ರವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ, ಅಷ್ಟು ಸಾಕಿತ್ತು. ಊರಿನಿಂದ ಆರ್ಕೆಸ್ಟ್ರಾ ಕರೆಸುತ್ತೇವೆ, ರಿಹರ್ಸಲ್‌ಗೆ ಹಾಲ್ ಬೇಕು ಎಂದು ಕಮಿಟಿ ಆ ತರಗತಿಯನ್ನೇ ನಿಲ್ಲಿಸಿತು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆಮನೆಗೆ ಫೋನ್ ಮಾಡಿ ಹೆಂಗಸರನ್ನೆಲ್ಲ ಒಟ್ಟುಮಾಡಿದೆ. ನಮಗೂ ವೋಟು ಕೊಡಿ, ತರಗತಿ ಬೇಕೋ ಆರ್ಕೆಸ್ಟ್ರಾ ಬೇಕೋ ನೋಡೇಬಿಡೋಣ ಎಂದೆವು. ಆಗಲಿ, ಚುನಾವಣೆಗೆ ಮುಂಚಿನ ಸಭೆಯಲ್ಲಿ ತೀರ್ಮಾನಿಸೋಣ ಎಂದು ಅಧ್ಯಕ್ಷರು ತಲೆಯಾಡಿಸಿದರು. ನಮ್ಮವರಂತೂ, "ನನ್ ಕೈ ನಿನ್ ಪರ ಕಣೇ" ಎಂದು ಮಾತು ಕೊಟ್ಟರು.

ಅಷ್ಟರಲ್ಲಿ ಯುದ್ಧ ಬಂತು. ಸಮುದ್ರದಾಚೆಯ ದೊಡ್ಡ ದೇಶವೊಂದು ನಮ್ಮ ಪಕ್ಕದ ದೇಶದ ಎಣ್ಣೆ, ಬಂದರು ಎಲ್ಲ ತನ್ನ ಕೈಯಲ್ಲಿರಬೇಕೆಂದು ಹಡಗು ತುಂಬಿಕೊಂಡು ಬಂತು. ಪರರ ನೆಲಕ್ಕೆ ಯಜಮಾನರಾಗುವ ಕಾಲ ಮುಗಿಯಿತೆಂದು ಶಾಲೆಯಲ್ಲಿ ಓದಿದ್ದೆ. ಎಲ್ಲಿ ಮುಗಿಯಿತು, ನನ್ನ ಕರ್ಮ! ವಿಮಾನಗಳು ನಿಂತವು. ಊರಿಗೆ ಹೋಗುವಂತಿಲ್ಲ, ಸೈರನ್ ಕೂಗಿದರೆ ಮೆಟ್ಟಿಲ ಕೆಳಗಿಂದ ಏಳುವಂತಿಲ್ಲ. ಕಿಟಕಿ ಗಾಜಿಗೆಲ್ಲ ಟೇಪು. ನಮ್ಮವರ ಕೆಲಸ ಕಡಲಂಚಿನ ಶುಐಬಾದ ರಾಸಾಯನಿಕ ಕಾರ್ಖಾನೆಯಲ್ಲಿ. ಅವರು ಕಂಪನಿ ಬಸ್ಸು ಹತ್ತಿ ಹೋದರೆ, ವಾಪಸ್ ಬರುವ ತನಕ ನನಗೆ ಜೀವದಲ್ಲಿ ಜೀವ ಇರುತ್ತಿರಲಿಲ್ಲ.

ಅಧ್ಯಕ್ಷರದು ನಮ್ಮ ಕೆಳಗಿನ ಮನೆ. ಸಂಜೆಯಾದರೆ ನಮ್ಮ ಟೀವಿಯ ಮುಂದೆ ಹಾಜರು. ಆ ದೊಡ್ಡ ದೇಶದ ನಾಯಕ ತೆರೆಯ ಮೇಲೆ ಬಂದರೆ ಅವರಿಗೆ ಮೈಯೆಲ್ಲ ಉರಿ.

"ನೋಡಿ ಸಾರ್, ಬಡವ್ರಿಗೆ ಆಸ್ಪತ್ರೆ ಕಾನೂನು ತರ್ತೀನಿ ಅಂತ ಗೆದ್ದ. ಈಗ ದುಡ್ಡೆಲ್ಲ ಬಾಂಬಿಗೆ ಸುರಿದು, ಅದನ್ನ ಮೂಲೆಗೆ ಹಾಕ್ದ. ಕೇಳಿದ್ರೆ, ಯುದ್ಧ ಮುಗೀಲಿ ಅಂತಾನೆ! ಜನ ಸುಮ್ನಿದಾರಲ್ಲ, ಕುರಿಗಳು!"

ಸರಿಯಾಗಿ ಹೇಳಿದಿರಿ ಎಂದು ನಾನು ಇನ್ನರ್ಧ ಲೋಟ ಕಾಫಿ ಬಗ್ಗಿಸುತ್ತಿದ್ದೆ.

ಸೈರನ್ ಕೊಂಚ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಸಂಘದ ಸಭೆ ಸೇರಿತು. ಅಧ್ಯಕ್ಷರು ಎದ್ದು ಗಂಟಲು ಸರಿಮಾಡಿಕೊಂಡರು. "ಇಂಥಾ ಟೈಮಲ್ಲಿ ರೂಲ್ಸ್ ಬದಲಾಯ್ಸೋದು, ಎಲೆಕ್ಷನ್ ಮಾಡೋದು ಬೇಡ. ಯುದ್ಧ ಮುಗಿಯೋವರ್ಗೂ ಇದೇ ಕಮಿಟಿ ಇರ್ಲಿ."

ಹೇಳೋದು ಶಾಸ್ತ್ರ, ಹಾಕೋದು ಗಾಳ! ನಾನು ಎದ್ದು ನಿಂತೆ. "ನಿನ್ನೆ ನಮ್ಮನೇಲಿ ಕೂತು ಬೈದಿದ್ದು ಯಾರನ್ನ ಸಾರ್?"

"ಅದು ಬೇರೆ, ಇದು ಬೇರೆ ಮೇಡಂ. ಈಗ ಒಗ್ಗಟ್ಟು ಮುಖ್ಯ."

"ಖಲಾಸ್, ಕೈ ಎತ್ರಪ್ಪಾ, ಯಲ್ಲಾ, ಬೇಗ ಬೇಗ!" ಎಂದರು ಹಿಂದಿನಿಂದ ಯಾರೋ. ಕೈಗಳು ಎದ್ದವು. ನನ್ನ ಪಕ್ಕದಲ್ಲೇ ನಮ್ಮವರ ಕೈಯೂ ಎದ್ದಿತು. ಅವರು ನನ್ನ ಕಡೆ ತಿರುಗಲಿಲ್ಲ.

ವಂದನಾರ್ಪಣೆ ಯಾವಾಗಲೂ ನನ್ನದೇ. ಮೈಕು ಕೈಗೆ ಕೊಟ್ಟರು. "ಇಷ್ಟು ಖರ್ಚು ಮಾಡ್ಕೊಂಡು, ಅಷ್ಟು ದೂರದಿಂದ ಬಂದು ನಮ್ಮ ಅಧ್ಯಕ್ಷರ ಕುರ್ಚಿ ಉಳಿಸಿಕೊಟ್ಟ ಆ ದೊಡ್ಡ ದೇಶಕ್ಕೆ ಸಂಘದ ಪರವಾಗಿ ವಂದನೆಗಳು" ಎಂದೆ. ಸಭೆ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಅಧ್ಯಕ್ಷರೇ. "ಸೂಪರ್ ಮೇಡಂ, ಮುಂದಿನ್ ಸಲಾನೂ ನೀವೇ!"

ಕಾರಿನಲ್ಲಿ ನಮ್ಮವರು ಹೇಳಿದರು: "ದಿನಾ ಪ್ಲಾಂಟಲ್ಲಿ ಜೀವ ಕೈಲಿ ಹಿಡ್ಕೊಂಡಿರ್ತೀನಿ ಕಣೇ. ಇಲ್ಲೂ ಜಗಳ ಬೇಡ ಅನ್ನಿಸ್ತು." ಅದು ಸುಳ್ಳೇನಲ್ಲ. ಅದಕ್ಕೇ ಜಗಳವಾಡಲೂ ಆಗಲಿಲ್ಲ. ಹಿಂದಿನ ಸೀಟಿನಿಂದ ಮಗಳು, "ಸೋ, ನೋ ಕ್ಲಾಸ್?" ಎಂದಳು.

ಮರುದಿನ ಬೆಳಿಗ್ಗೆ ಕಂಪನಿ ಬಸ್ಸು ಹಾರನ್ ಹೊಡೆಯಿತು. ಬುತ್ತಿ ಕೊಡುತ್ತಾ ಅವರ ಕೈ ಹಿಡಿದುಕೊಂಡೆ. ಸಿಟ್ಟು ಇಳಿದಿರಲಿಲ್ಲ, ಭಯವೂ ಇಳಿದಿರಲಿಲ್ಲ.

"ಈ ಕೈ ಹುಷಾರು ರೀ," ಎಂದೆ. "ನನ್ ವೋಟೂ ಇದರಲ್ಲೇ ಇರೋದು."