ಬೆನ್ನ ಹಿಂದಿನ ಸಪ್ಪಳ

ನಮ್ಮ ಹೊಸಪೇಟೆಯ ಬಜಾರಿನಲ್ಲಿ ಇಬ್ಬರು ಗಂಡ-ಹೆಂಡಿರು ಹೌದೋ ಅಲ್ಲವೋ ಎಂದು ತಿಳಿಯಲು ಅವರ ಮುಖ ನೋಡಬೇಕಾಗಿಲ್ಲ, ನಡುವಿನ ಅಂತರ ನೋಡಿದರೆ ಸಾಕು. ಗಂಡಸು ಹತ್ತು ಹೆಜ್ಜೆ ಮುಂದೆ, ಹೆಂಗಸು ಹತ್ತು ಹೆಜ್ಜೆ ಹಿಂದೆ ಇದ್ದರೆ ಲಗ್ನವಾಗಿ ವರ್ಷಗಳೇ ಉರುಳಿವೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಜೋಡಿಯಾಗಿ ನಡೆಯುತ್ತಿದ್ದರೆ ಒಂದೋ ಹೊಸದಾಗಿ ಲಗ್ನವಾದವರು, ಇಲ್ಲವೇ ಜಗಳ ಇನ್ನೂ ಮುಗಿಯದವರು. ನಾನಂತೂ ಈ ಶಾಸ್ತ್ರದಲ್ಲಿ ಪಾರಂಗತ. ನನ್ನಪ್ಪ ಹಾಗೇ ನಡೆದ, ಅವನಪ್ಪನೂ ಹಾಗೇ ನಡೆದ; ಕಾರಣ ಕೇಳಿದರೆ ಎದುರಿಗೆ ಬರುವ ಎತ್ತಿನ ಬಂಡಿಯಿಂದ ಹೆಂಗಸರನ್ನು ಕಾಪಾಡಬೇಕಲ್ಲ ಎನ್ನುತ್ತಿದ್ದರು. ನನ್ನ ಕಾಲಕ್ಕೆ ಬಂಡಿ ಹೋಗಿ ಅದಿರಿನ ಲಾರಿ ಬಂತು, ನನ್ನ ಶೌರ್ಯಕ್ಕೆ ಇನ್ನಷ್ಟು ಸಮರ್ಥನೆ ಸಿಕ್ಕಿತು. ಹಿಂತಿರುಗಿ ನೋಡುವ ಪ್ರಮೇಯವೇ ಇರಲಿಲ್ಲ ಅನ್ನಿ. ನನ್ನ ಹೆಂಡತಿ ಗಿರಿಜಾಳ ಚಪ್ಪಲಿಯ ಸಪ್ಪಳ ಬೆನ್ನ ಹಿಂದೆ ಕೇಳುತ್ತಿದ್ದರೆ ಸಂಸಾರ ಸರಿಯಾಗಿ ನಡೆದಿದೆ ಎಂದೇ ತಿಳಿದಿದ್ದೆ.

ಅದಿರಿನ ಭರಾಟೆಯ ವರ್ಷಗಳವು. ಸಂಡೂರು ರಸ್ತೆಯಲ್ಲಿ ಸಜ್ಜೆಯೂ ಸರಿಯಾಗಿ ಬೆಳೆಯದ ನಮ್ಮದೊಂದು ಹೊಲವಿತ್ತು. ಅದನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟಿದ್ದೇ ತಡ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಜೀವಮಾನವೆಲ್ಲ ತೌಡಿನ ಧೂಳು ಕುಡಿದ ನಾನು ದಿಢೀರನೆ ವಿಶ್ವಸಂಚಾರಕ್ಕೆ ಅರ್ಹನಾಗಿಬಿಟ್ಟೆ. ಇತಿಹಾಸದಲ್ಲಿ ಬಿ.ಎ. ಓದುತ್ತಿದ್ದ ಮಗಳು ಸುಮಾ ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಜಪ ಹಿಡಿದಿದ್ದಳು. ಬೇಸಿಗೆ ರಜೆಗೆ ಮೂವರೂ ಒಂದು ಟೂರಿನ ಗುಂಪು ಸೇರಿ ಹೊರಟೆವು. ಯಜಮಾನನೆಂಬ ಅಧಿಕಾರದಿಂದ ನಾನು ಸೊಂಟಕ್ಕೊಂದು ಚೀಲ ಬಿಗಿದುಕೊಂಡೆ. ಮೂವರ ಪಾಸ್‌ಪೋರ್ಟು, ದುಡ್ಡು, ಹೋಟೆಲಿನ ವಿಳಾಸದ ಚೀಟಿ ಎಲ್ಲ ಅದರೊಳಗೆ. ಗಿರಿಜಾಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ತಡವಾದರೆ ಬೆವತು ಕಣ್ಣಿಗೆ ಕತ್ತಲೆ ಬರುತ್ತದೆ. ಅದಕ್ಕೆಂದು ಕಟ್ಟಿಕೊಂಡ ಬೆಲ್ಲದ ಚೂರುಗಳೂ ನನ್ನ ಸೊಂಟಕ್ಕೇ ಸೇರಿದವು.

ರೋಮಿನಲ್ಲಿ ಮುರಿದ ಕಂಬ ಕಂಡಲ್ಲೆಲ್ಲ ನಾನು ಸಹಯಾತ್ರಿಗಳನ್ನು ತಡೆದು, ಹಂಪಿಯಲ್ಲಿ ಇಂಥವು ಹೆಜ್ಜೆಗೊಂದು ಬಿದ್ದಿವೆ ಎಂದು ಸಾರಿದೆ. ಅಷ್ಟಾದರೂ ನೀವು ವಿಠ್ಠಲನ ಗುಡಿ ಪೂರ್ತಿ ನೋಡಿದ್ದು ಯಾವಾಗ ಎಂದು ಸುಮಾ ಎಲ್ಲರೆದುರಿಗೇ ಕೇಳಿದಳು. ಸೋಮವಾರ ವಿರೂಪಾಕ್ಷನಿಗೆ ಕಾಯಿ ಒಡೆಸಿ, ಮಿರ್ಚಿ ತಿಂದು ವಾಪಸಾಗುವುದಷ್ಟೇ ನನ್ನ ಹಂಪಿ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಹೇಳಿ ಜಾರಿಕೊಂಡೆ.

ಇನ್ನು ವೆನಿಸ್. ಅದು ನೀರಿನ ಮೇಲೆ ಕೂತ ಊರು; ಬೀದಿಗಳ ಬದಲು ಕಾಲುವೆ, ಕಾಲುವೆಗೊಂದು ಮೆಟ್ಟಿಲಿನ ಸೇತುವೆ. ಲಾರಿಯಿಲ್ಲ, ಕಾರಿಲ್ಲ, ಒಂದು ಸೈಕಲ್ಲೂ ಕಾಣಲಿಲ್ಲ. ಆದರೂ ನಾನು ಕುಲಧರ್ಮ ಬಿಡದೆ, ವಾಹನವೇ ಇಲ್ಲದ ಊರಿನಲ್ಲಿ ಹೆಂಡತಿಯನ್ನು ವಾಹನಗಳಿಂದ ಕಾಪಾಡುತ್ತ ಹತ್ತು ಹೆಜ್ಜೆ ಮುಂದೆ ನಡೆದೆ. ಸುಮಾ ಗುಂಪಿನ ಜೊತೆ ಗಾಜು ಊದಿ ಹೂಜಿ ಮಾಡುವುದನ್ನು ನೋಡಲು ಹೋಗಿದ್ದಳು. ಊಟಕ್ಕೆ ಎಲ್ಲರೂ ದೋಣಿಕಟ್ಟೆಯಲ್ಲಿ ಸೇರಬೇಕಿತ್ತು. ನಾನು ದಾರಿಯುದ್ದಕ್ಕೂ ಉಪನ್ಯಾಸ ಕೊಡುತ್ತಿದ್ದೆ: ಇದೇನು ಮಹಾ ಕಾಲುವೆ, ನಮ್ಮ ವಿಜಯನಗರದ ರಾಯರ ಕಾಲುವೆ ನೋಡು, ಇವತ್ತಿಗೂ ಬುಕ್ಕಸಾಗರದ ಗದ್ದೆಗೆ ನೀರುಣಿಸುತ್ತದೆ, ಇವರ ನೀರಿಗೆ ಒಂದು ಮಡಿ ಭತ್ತವಾದರೂ ಬೆಳೆದೀತೇ? ಹಿಂದೆ ಚಪ್ಪಲಿ ಸಪ್ಪಳ ಭಕ್ತಿಯಿಂದ ಬರುತ್ತಲೇ ಇತ್ತು. ಹೌದಲ್ಲೇನು ಎಂದು ಒಪ್ಪಿಗೆ ಕೇಳಲು ಅಪರೂಪಕ್ಕೆ ತಿರುಗಿದೆ. ರಬ್ಬರ್ ಚಪ್ಪಲಿ ಮೆಟ್ಟಿದ ಬಿಳಿ ಮುದುಕಿಯೊಬ್ಬಳು ನನ್ನನ್ನು ದಿಗಿಲಿನಿಂದ ನೋಡುತ್ತ ಗೋಡೆಗೆ ಅಂಟಿ ನಿಂತಿದ್ದಳು.

ಎಷ್ಟು ದೂರದಿಂದ ಆ ಪುಣ್ಯಾತ್ಗಿತ್ತಿಗೆ ಭತ್ತದ ಬೇಸಾಯ ಕಲಿಸುತ್ತಿದ್ದೆನೋ ಶಿವನೇ ಬಲ್ಲ. ಗಿರಿಜಾ ಎಲ್ಲೂ ಇರಲಿಲ್ಲ. ಅವಳ ಹತ್ತಿರ ದುಡ್ಡಿಲ್ಲ, ಫೋನಿಲ್ಲ, ವಿಳಾಸವಿಲ್ಲ. ಬರುವ ಭಾಷೆ ಕನ್ನಡ, ಸ್ವಲ್ಪ ತೆಲುಗು. ಊಟದ ಹೊತ್ತು ಮೀರುತ್ತಿತ್ತು. ಬೆಲ್ಲ ನನ್ನ ಹೊಟ್ಟೆಗೆ ಒತ್ತುತ್ತಿತ್ತು. ಬಂದ ದಾರಿಯಲ್ಲೇ ಓಡಿದೆನೆಂದು ತಿಳಿದೆ, ಆದರೆ ಸೇತುವೆಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಕೊನೆಗೆ ಮಗಳಿಗೆ ಫೋನು ಮಾಡಿ, ಗೋಡೆಯ ಮೇಲಿದ್ದ ಹೆಸರನ್ನು ಒಂದೊಂದೇ ಅಕ್ಷರ ಓದಿ ಹೇಳಿದೆ. ಅವಳು ಒಬ್ಬ ಪೊಲೀಸನನ್ನು ಹಿಡಿದುಕೊಂಡೇ ಬಂದಳು.

ಆತ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಸುಮಾ ನನಗೆ ತಿರುಗಿಸಿದಳು.

“ಅಪ್ಪಾ, ಅವ್ವ ಇವತ್ತ ಯಾವ ಬಣ್ಣದ ಸೀರಿ ಉಟ್ಟಾಳಂತ ಕೇಳಾಕತ್ಯಾರ.”

ನನಗೆ ಹೊಳೆಯಲಿಲ್ಲ. ಎತ್ತರ ಕೇಳಿದ, ಅದೂ ತಿಳಿಯಲಿಲ್ಲ. ಹೆರಳೋ ತುರುಬೋ ಎಂದ, ಮಗಳ ಮುಖ ನೋಡಿದೆ. ಅವಳ ಕೆಮ್ಮು ಹೇಗೆ, ಬಳೆ ಹೇಗೆ ಸದ್ದು ಮಾಡುತ್ತವೆ, ಸಿಟ್ಟು ಬಂದಾಗ ಹೆಜ್ಜೆ ಹೇಗೆ ಬೀಳುತ್ತದೆ ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ; ಆ ಇಲಾಖೆಯ ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಸುಮಾ ಪೊಲೀಸನತ್ತ ತಿರುಗಿ, ಹಸಿರು ಇಳಕಲ್ ಸೀರೆ, ಕೆಂಪು ಸೆರಗು ಎಂದು ತಾನೇ ಬರೆಸಿದಳು. ಅಂದಿನಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಆಮೇಲೆ ಪೊಲೀಸನೂ ಸೇರಿ ಮೂವರು ಒಂದೊಂದೇ ಸೇತುವೆ ಹತ್ತಿಳಿದು ಹುಡುಕಿದೆವು. ನಾನು ಜನ್ಮದಲ್ಲಿ ಮೊದಲ ಸಲ ಸೀರೆಯ ಬಣ್ಣಕ್ಕಾಗಿ ಕಣ್ಣು ಕೀಲಿಸಿ ನಡೆದೆ. ಒಂದು ಪುಟ್ಟ ಸೇತುವೆಯ ಕೆಳಮೆಟ್ಟಿಲಲ್ಲಿ ಹಸಿರು ಕಂಡಿತು. ಗಿರಿಜಾಳ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಎರಡು ಸಲ “ರೀ” ಎಂದು ಕೂಗಿದಳಂತೆ, ಉಪನ್ಯಾಸದ ಭರದಲ್ಲಿ ನನಗೆ ಕೇಳಿಸಿರಲಿಲ್ಲ. ಎದುರು ಮನೆಯ ಹೆಂಗಸೊಬ್ಬಳು ಅವಳು ಬೆವತದ್ದು ಕಂಡು ಕಿತ್ತಳೆ ಸುಲಿದು ಕೊಟ್ಟು, ಪಕ್ಕದಲ್ಲೇ ಕೂತು ಚಪ್ಪಲಿಗೆ ದಾರ ಬಿಗಿಯುತ್ತಿದ್ದಳು. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಗದರಿದೆ, ಅದೇ ನಮಗೆ ಗೊತ್ತಿರುವ ಪ್ರೀತಿಯ ಭಾಷೆ.

“ನಾ ಎಲ್ಲೂ ಹೋಗಿಲ್ರಿ,” ಎಂದಳು ಗಿರಿಜಾ. “ಇಲ್ಲೇ ಅದೀನಿ. ಹೋದವರು ನೀವು.”

ದನಿ ಗಟ್ಟಿಯಾಗಿತ್ತು, ಹಣೆಯ ಬೆವರು ಮಾತ್ರ ಇನ್ನೂ ಆರಿರಲಿಲ್ಲ. ಸೊಂಟದ ಚೀಲ ಬಿಚ್ಚಿ ಬೆಲ್ಲ ಕೊಟ್ಟೆ. ಮಗಳೆದುರಿಗೆ, ಪೊಲೀಸನೆದುರಿಗೆ ನಾನು ಅತ್ತುಬಿಟ್ಟೆ.

ಊರಿಗೆ ಬಂದಮೇಲೆ ಯುರೋಪಿಗೆ ಹೊರಟವರೆಲ್ಲ ಸಲಹೆ ಕೇಳಲು ಬರುತ್ತಾರೆ. ಅವರವರ ಪಾಸ್‌ಪೋರ್ಟು ಅವರವರ ಹತ್ತಿರವಿರಲಿ, ಬೆಲ್ಲ ಬೇಕಾದವರ ಸೆರಗಿನಲ್ಲೇ ಬೆಲ್ಲವಿರಲಿ ಎನ್ನುತ್ತೇನೆ. ಉಳಿದ ಪಾಠವನ್ನು ಅವರಿಗೆ ಹೇಳಲು ಬಾಯಿ ಬರುವುದಿಲ್ಲ, ನಿಮಗೆ ಹೇಳುತ್ತೇನೆ. ಸಂಜೆ ವಾಕಿಂಗಿಗೆ ಜೋಡಿಯಾಗಿ ಹೋಗೋಣವೆಂದರೆ ಲಾರಿಗಳ ಸಾಲು ಬಿಡದು. ಹಾಗಾಗಿ ನೀನೇ ಮುಂದೆ ನಡಿ ಎಂದೆ. ಗಿರಿಜಾ ಮೊದಲು ನಕ್ಕಳು, ಆಮೇಲೆ ನಡೆದಳು. ಹಿಂದಿನಿಂದ ನೋಡಿದರೆ ಎಡಗಾಲು ಸ್ವಲ್ಪ ಎಳೆಯುತ್ತಾಳೆ. ಇದು ಯಾವಾಗಿನಿಂದ ಎಂದು ಕೇಳಿದೆ. “ಸುಮಾ ಹುಟ್ಟಿದಾಗಿಂದ ಹಂಗ ಐತ್ರಿ,” ಎಂದಳು. ಸುಮಾಗೆ ಆಗಲೇ ಇಪ್ಪತ್ತು. ಆ ಎಡಗಾಲನ್ನೇ ನೋಡುತ್ತ ನಾನು ಹಿಂಬಾಲಿಸಿದೆ. ಆಕೆ ಹತ್ತು ಹೆಜ್ಜೆಗೊಮ್ಮೆ ನಿಂತು, ನಾನು ಬರುತ್ತಿದ್ದೇನೆಯೇ ಎಂದು ಹೊಳ್ಳಿ ನೋಡಿಯೇ ಮುಂದೆ ಹೋಗುತ್ತಾಳೆ.