ಕಣ್ಣು ಬರೆಯುವ ಕಣ್ಣಕ್ಕ

ಬೆಳಗಿನ ಆರೂವರೆ. ಕಣ್ಣಾಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ಬಾಗಿಲು ತೆರೆದಿದೆ. ಕಿಟಕಿಗೆ ಅಂಟಿಕೊಂಡಂತೆ ಒಂದು ಮೇಜು, ಅದರ ಪಕ್ಕ ಎದುರುಬದುರಾಗಿ ಎರಡು ಸ್ಟೂಲು. ಒಂದರ ಮೇಲೆ ಮೂವತ್ತರ ಆಸುಪಾಸಿನ ಗ್ಯಾರೇಜ್ ಮೆಕ್ಯಾನಿಕ್ ಕೂತಿದ್ದಾನೆ. ಎಂಟು ತಿಂಗಳ ಹಿಂದೆ ಬಲಗಣ್ಣು ಕಳೆದುಕೊಂಡವನು. ಅಲ್ಲಿಂದೀಚೆಗೆ ಮನೆಯೊಳಗೂ ಕಪ್ಪು ಕನ್ನಡಕ ತೆಗೆದವನಲ್ಲ. ಇಲ್ಲಿ ಮಾತ್ರ ತೆಗೆದು ಜೇಬಿಗಿಟ್ಟಿದ್ದಾನೆ. ಅವನ ಮೂಗಿಗೆ ಮೂಗು ತಾಗುತ್ತದೇನೋ ಎಂಬಷ್ಟು ಹತ್ತಿರದಲ್ಲಿ, ಐವತ್ತೆರಡರ ಹೆಂಗಸೊಬ್ಬರು ಅವನ ಎಡಗಣ್ಣನ್ನೇ ದಿಟ್ಟಿಸುತ್ತಿದ್ದಾರೆ. ಕೈಯಲ್ಲಿ ನಾಲ್ಕೈದು ಕೂದಲಿನ ಕುಂಚ. ಮೇಜಿನ ಮೇಲೆ ಅಂಗಿಯ ಗುಂಡಿಯಷ್ಟಗಲದ ಒಂದು ಬಿಲ್ಲೆ.

"ಅಕ್ಕಾ, ಮಾಡೋದು ಮಾಡ್ತೀರಿ, ಸ್ವಲ್ಪ ಚೆನ್ನಾಗಿರೋ ಕಣ್ಣೇ ಮಾಡ್ಬಿಡಿ" ಅನ್ನುತ್ತಾನೆ ಅವನು.

"ಬೇಡಪ್ಪಾ, ಇರೋ ಕಣ್ಣಿಗೆ ಹೊಟ್ಟೆಕಿಚ್ಚಾಗುತ್ತೆ. ಆಮೇಲೆ ಇಬ್ಬರ ಜಗಳ ಬಿಡಿಸೋರು ಯಾರು?"

ಅವನು ನಗುತ್ತಾನೆ. ನಕ್ಕಾಗ ಎಡಗಣ್ಣಿನ ಪಾಪೆಯ ಸುತ್ತ ಮೂಡುವ ಜೇನುಬಣ್ಣದ ಎಳೆಗಾಗಿಯೇ ಅವರು ಕಾದಿದ್ದರು. ಕುಂಚ ಬಿಲ್ಲೆಯ ಮೇಲೆ ಇಳಿಯುತ್ತದೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಕಣ್ಣಕ್ಕ ಅಂತ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆಯಂತೆ, ಅದು ಗುಮಾಸ್ತರಿಗಷ್ಟೇ ಗೊತ್ತು. ಇಪ್ಪತ್ತೊಂದು ವರ್ಷಗಳಿಂದ ಇವರು ಕೃತಕ ಕಣ್ಣುಗಳಿಗೆ ಬಣ್ಣ ಹಾಕುತ್ತಿದ್ದಾರೆ. ವಾರಕ್ಕೆ ನಾಲ್ಕು ಕಣ್ಣು, ಒಂದೊಂದಕ್ಕೂ ಇನ್ನೂರಕ್ಕೂ ಹೆಚ್ಚು ಗೆರೆ. ಬಿಳಿಭಾಗದ ನರಗಳಿಗೆ ಕೆಂಪು ರೇಷ್ಮೆದಾರವನ್ನು ಸೂಜಿಮೊನೆಯಿಂದ ಬಿಡಿಸಿ ಎಳೆ ಎಳೆಯಾಗಿ ಕೂರಿಸುತ್ತಾರೆ. ವಿದ್ಯುದ್ದೀಪದಲ್ಲಿ ಬಣ್ಣ ಸುಳ್ಳು ಹೇಳುತ್ತದೆ ಅನ್ನುವುದು ಅವರ ಅನುಭವ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ಮನೆ ಬಿಟ್ಟು, ಬೆಳಗಿನ ಬೆಳಕು ಕಿಟಕಿಗೆ ಬರುವ ಮೊದಲೇ ಕೋಣೆಯಲ್ಲಿರುತ್ತಾರೆ.

"ನಾನು ಹಾಗೆ ಹೊರಡೋಕೆ ಆಗ್ತಿದ್ದದ್ದು ನಮ್ಮತ್ತೆಯಿಂದ. ಗಂಡ ಲಾರಿ ಮೇಲೆ ಊರೂರು ಸುತ್ತೋರು. ಮಗಳಿಗೆ ತಲೆ ಬಾಚಿ ಶಾಲೆಗೆ ಕಳಿಸಿದ್ದೆಲ್ಲಾ ಅತ್ತೆಯೇ. ಒಂದು ದಿನಾನೂ ಮುಖ ಗಂಟು ಹಾಕಿದವರಲ್ಲ. ಆ ಋಣ ಯಾವ ಜನ್ಮಕ್ಕೆ ತೀರುತ್ತೋ."

ಚಿತ್ರ ಬರೆಯುವುದೆಂದರೆ ಕಣ್ಣಕ್ಕನಿಗೆ ಚಿಕ್ಕಂದಿನಿಂದ ಪ್ರಾಣ. ಚಿತ್ರಕಲಾ ಶಾಲೆಗೆ ಸೇರಿದ್ದರು ಕೂಡ. ಎರಡನೇ ವರ್ಷದಲ್ಲಿ ಅಪ್ಪ ಕೆಲಸ ಕಳೆದುಕೊಂಡರು, ಓದು ಅಲ್ಲಿಗೆ ನಿಂತಿತು. ಪಿಂಗಾಣಿ ಕಾರ್ಖಾನೆಯಲ್ಲಿ ಚಹಾ ಕಪ್ಪುಗಳ ಮೇಲೆ ಹೂವು ಬರೆಯುವ ಕೆಲಸ ಸಿಕ್ಕಿತು. ಅದೇ ನೀಲಿ ಹೂವು, ದಿನಕ್ಕೆ ಮುನ್ನೂರು ಕಪ್ಪು, ಹತ್ತು ವರ್ಷ. "ಹೂವು ಕಂಡರೆ ವಾಕರಿಕೆ ಬರೋ ಹಾಗಾಗಿತ್ತು. ಇಷ್ಟದ ಕೆಲಸಾನೇ ತಾನೆ, ಮತ್ಯಾಕೆ ಹೀಗೆ ಅಂತ ತಲೆ ಕೆಡಿಸ್ಕೊಳ್ತಿದ್ದೆ." ಕೊನೆಗೆ ಹೂವನ್ನು ಅಂಟಿಸುವ ಯಂತ್ರ ಬಂತು, ಬರೆಯುವವರು ಬೀದಿಗೆ ಬಂದರು. ಕಣ್ಣಕ್ಕ ಈ ಆಸ್ಪತ್ರೆಗೆ ಸೇರಿದ್ದು ನೆಲ ಒರೆಸಲು.

ಆಗ ಈ ಕೋಣೆಯಲ್ಲಿದ್ದವರು ಒಬ್ಬ ವಯಸ್ಸಾದ ಕುಶಲಕರ್ಮಿ. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಅವರ ಕೈ ನಡುಗಲು ಶುರುವಾಗಿತ್ತು. ಒಂದು ಬೆಳಿಗ್ಗೆ ಆರು ವರ್ಷದ ಹುಡುಗಿಯೊಬ್ಬಳು "ಇದು ಗೊಂಬೆ ಕಣ್ಣು, ನನಗೆ ಬೇಡ" ಅಂತ ರಂಪ ಮಾಡುತ್ತಿದ್ದಳು. ಮೇಷ್ಟ್ರು ಮೂರು ಸಲ ಬಣ್ಣ ತಿದ್ದಿ ಸೋತಿದ್ದರು. ನೆಲ ಒರೆಸುತ್ತಿದ್ದ ಹೆಂಗಸು ತಡೆಯಲಾರದೆ ಬಾಯಿಬಿಟ್ಟರು: "ಸಾರ್, ಬಣ್ಣ ಸರಿಯಾಗೇ ಇದೆ. ಆದ್ರೆ ಮಗು ಕಣ್ಣಿನ ಅಂಚಲ್ಲಿ ಒಂದು ಬೂದಿಗೆರೆ ಇದೆ, ಅದು ಬಂದಿಲ್ಲ."

ಮೇಷ್ಟ್ರು ಬೈಯಲಿಲ್ಲ. ಅವರನ್ನೊಮ್ಮೆ ನೋಡಿ, ಕುಂಚ ಮುಂದೆ ಚಾಚಿದರು. "ಕೈ ತೊಳ್ಕೊಂಡು ಬಾರಮ್ಮ" ಅಂದರು, ಅಷ್ಟೆ.

"ಬೇರೆಯವರಾಗಿದ್ರೆ 'ನಿನ್ನ ಕೆಲಸ ನೀನು ನೋಡ್ಕೋ' ಅಂತಿದ್ರು. ಅವರು ಸ್ಟೂಲು ಬಿಟ್ಟು ಎದ್ದು ನನ್ನನ್ನ ಕೂರಿಸಿದ್ರು" ಎನ್ನುತ್ತಾರೆ ಕಣ್ಣಕ್ಕ. ಕೆಲಸ ಕಲಿಸಿದವರೂ ಅವರೇ. ಮೇಷ್ಟ್ರು ತೀರಿಕೊಂಡು ಹನ್ನೆರಡು ವರ್ಷವಾಯಿತು.

ಇಷ್ಟಾದರೂ ಅವರಿಗೆ ಇದು ಹೊಟ್ಟೆಪಾಡಿನ ಕೆಲಸವೇ ಆಗಿತ್ತು. ನಿಜವಾದ ಕೆಲಸವೆಂದರೆ ಮನೆಯ ಮೂಲೆಯಲ್ಲಿ, ಭಾನುವಾರಗಳಂದು ಬರೆಯುವ ಚಿತ್ರಗಳು. ಕಣ್ಣಿನ ಕೆಲಸ ಹಿಡಿದು ಎಂಟು ವರ್ಷವಾದಾಗ ಹಳೆಯ ಸಹಪಾಠಿಯೊಬ್ಬಳು ತನ್ನ ಗ್ಯಾಲರಿಯಲ್ಲಿ ಪ್ರದರ್ಶನ ಏರ್ಪಡಿಸುತ್ತೇನೆಂದಳು. ಕಣ್ಣಕ್ಕ ನಾಲ್ಕು ತಿಂಗಳು ರಜೆ ಹಾಕಿ, ಹಗಲೂ ಇರುಳೂ ಕೂತು ಇಪ್ಪತ್ತೊಂದು ಚಿತ್ರ ಬರೆದರು. ಇನ್ನು ಆಸ್ಪತ್ರೆಗೆ ಮರಳುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿಯೂ ಆಗಿತ್ತು.

ಪ್ರದರ್ಶನದ ನಾಲ್ಕನೆಯ ದಿನ ತಾಯಿ ಮಗಳು ಹುಡುಕಿಕೊಂಡು ಬಂದರು. ಗೊಂಬೆ ಕಣ್ಣು ಬೇಡವೆಂದಿದ್ದ ಅದೇ ಹುಡುಗಿ, ಆಗ ಹದಿನಾಲ್ಕು ವರ್ಷ. ಮುಖ ಬೆಳೆದಂತೆ ಹಳೆಯ ಕಣ್ಣು ಚಿಕ್ಕದಾಗಿತ್ತು. ಹೊರಗೆಲ್ಲೋ ಕೊಂಡ ಸಿದ್ಧ ಕಣ್ಣು ಹೊಂದಿರಲಿಲ್ಲ. ಐದು ವಾರದಿಂದ ಶಾಲೆಗೆ ಹೋಗಿರಲಿಲ್ಲ. ಗೋಡೆಯ ಮೇಲಿನ ಚಿತ್ರಗಳನ್ನು ಇಬ್ಬರೂ ನೋಡಲೇ ಇಲ್ಲ.

"ಸುಳ್ಳು ಯಾಕೆ ಹೇಳ್ಲಿ, ಸಿಟ್ಟು ಬಂತು. ನನಗೂ ಒಂದು ಬದುಕು ಬೇಡ್ವಾ ಅನ್ನಿಸ್ತು. ಆ ಹುಡುಗಿ ತಲೆ ಬಗ್ಗಿಸಿ, ಕೂದಲನ್ನ ಮುಖದ ಮೇಲೆ ಬಿಟ್ಕೊಂಡು ನಿಂತಿದ್ಲು. ಬಾ ಅಂತ ಕಿಟಕಿ ಹತ್ರ ಕರ್ಕೊಂಡು ಹೋಗಿ ಕೂದಲು ಸರಿಸಿದೆ. ಕಣ್ಣು ನೋಡ್ತಾ ನೋಡ್ತಾ ಕೈ ತಾನಾಗೇ ಕುಂಚ ಹುಡುಕ್ತಿತ್ತು."

ಗ್ಯಾಲರಿಯ ಕೀಲಿಯನ್ನು ಗೆಳತಿಗೆ ಕೊಟ್ಟು ಆಸ್ಪತ್ರೆಗೆ ನಡೆದರು. ಮೂರನೆಯ ದಿನ ಹೊಸ ಕಣ್ಣು ಹಾಕಿಕೊಂಡ ಹುಡುಗಿ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಅಮ್ಮನತ್ತ ತಿರುಗಿ, "ಈ ಜಡೆ ಎಷ್ಟು ಕೆಟ್ಟದಾಗಿ ಹಾಕಿದ್ದೀಯ!" ಅಂತ ರೇಗಿದಳು. ತಾಯಿ ಅಳುತ್ತಾ ನಕ್ಕರು. ಕಣ್ಣಕ್ಕ ರಜೆಯ ಉಳಿದ ದಿನಗಳನ್ನು ರದ್ದು ಮಾಡಿಸಿದರು.

"ಬರೆಯೋದು ನನ್ನಾಸೆ, ಹಸಿವಿನ ಹಾಗೆ, ಅದು ನನ್ನೊಳಗೇ ಇತ್ತು. ಯಾಕೆ ಬರೀಬೇಕು ಅನ್ನೋದು ಮಾತ್ರ ನನ್ನೊಳಗೆ ಹುಡುಕಿದ್ರೆ ಸಿಗ್ತಿರಲಿಲ್ಲ. ಅದು ಎದುರುಗಡೆ ಸ್ಟೂಲ್ ಮೇಲೆ ಕೂತಿತ್ತು. ಚಹಾ ಕಪ್ಪಿನ ಹೂವು ಯಾರ ಮನೆಗೆ ಹೋಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ ನೋಡಿ, ಅದಕ್ಕೇ ಬೇಜಾರು ಬಂದಿದ್ದು."

ಹಾಗಂತ ಚಿತ್ರ ಬಿಟ್ಟಿಲ್ಲ. ಭಾನುವಾರ ಇವತ್ತಿಗೂ ಅವರದೇ. ಬರೆಯದಿದ್ದರೆ ಸೋಮವಾರ ಕೈ ಜಡವಾಗುತ್ತದಂತೆ. ಈಗ ಬೆನ್ನು ನೋವಿದೆ, ಕನ್ನಡಕದ ಮೇಲೆ ಭೂತಗನ್ನಡಿ ಬಂದಿದೆ. ತಮ್ಮ ನಂತರ ಈ ಸ್ಟೂಲಿಗೆ ಯಾರಾದರೂ ಬರಲಿ, ಕಲಿಸುತ್ತೇನೆ ಎಂದು ಆಡಳಿತಕ್ಕೆ ಎರಡು ಸಲ ಬರೆದಿದ್ದಾರೆ.

ಇಷ್ಟು ವರ್ಷದಲ್ಲಿ ಮರೆಯಲಾಗದ ಮೆಚ್ಚುಗೆ ಯಾವುದು ಎಂದರೆ ಕಣ್ಣಕ್ಕ ಕುಂಚ ಕೆಳಗಿಟ್ಟು ನಗುತ್ತಾರೆ.

"ಹೋದ ವಾರ ಮಾರುಕಟ್ಟೆಯಲ್ಲಿ ಈರುಳ್ಳಿಗೆ ಚೌಕಾಸಿ ಮಾಡ್ತಿದ್ದೆ. ಅಂಗಡಿಯವನು ದುರುಗುಟ್ಟಿಕೊಂಡು ನೋಡಿದ. ಹತ್ತು ಹೆಜ್ಜೆ ಬಂದ ಮೇಲೆ ನೆನಪಾಯ್ತು, ಅಯ್ಯೋ, ನಾಲ್ಕು ವರ್ಷದ ಕೆಳಗೆ ಇವನಿಗೆ ಕಣ್ಣು ಮಾಡಿದ್ದು ನಾನೇ ಅಲ್ವಾ! ಯಾವುದು ನಾನು ಬರೆದದ್ದು ಅಂತ ತಿರುಗಿ ನೋಡಿದೆ. ಗೊತ್ತಾಗಲಿಲ್ಲ ರೀ. ಪುಣ್ಯಾತ್ಮ, ಎರಡೂ ಕಣ್ಣಲ್ಲಿ ಒಂದೇ ಸಮ ದುರುಗುಟ್ಟಿದ್ದ."