ಕತ್ತಿನ ಸರ ಯಾರದೆಂದು ಕೇಳಿದವರು

ನಮ್ಮ ಚಿಕ್ಕಪ್ಪ ಪ್ರಪಂಚದ ಬಡತನವನ್ನು ಓಡಿಸಲೆಂದು ಅರಸೀಕೆರೆ ಸ್ಟೇಷನ್ನಿನಲ್ಲಿ ಬಂದಿಳಿದಾಗ ನಾನು ಬಿ.ಕಾಂ. ಮುಗಿಸಿ, ನನ್ನನ್ನು ನೋಡಲು ಬರುವ ಗಂಡಿನ ಕಡೆಯವರಿಗೆ ಉಪ್ಪಿಟ್ಟು ಕೇಸರಿಬಾತು ಕೊಡುತ್ತ ಕಾಲ ಕಳೆಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿಕ್ಕಪ್ಪ ಬೊಂಬಾಯಿಯ ಸೋಪಿನ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಅರ್ಧ ಆಯುಷ್ಯ ಸೋಪು ಮಾರಿ ಮಾರಿ ಅವರ ಮಾತೂ ಸೋಪಿನಂತೆ ಜಾರುತ್ತಿತ್ತು, ಹಿಡಿಯಲು ಹೋದವರ ಕೈಗೆ ನೊರೆ ಮಾತ್ರ ಸಿಗುತ್ತಿತ್ತು.

“ಭಿಕ್ಷೆ ಹಾಕಿದ್ರೆ ಬಡತನ ಹೋಗಲ್ಲ ಅಣ್ಣ. ವ್ಯಾಪಾರ ಮಾಡ್ಬೇಕು,” ಅಂತ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದರು. “ಬಡವ್ರು ಮಾಡಿದ ಮಾಲನ್ನ ದುಡ್ಡಿರೋ ದೇಶಕ್ಕೆ ಮಾರ್ಬೇಕು. ಇಷ್ಟು ವರ್ಷ ಕಂಪನಿಗೆ ಮಾಡಿದ್ದನ್ನ ಇನ್ಮೇಲೆ ಬಡವ್ರಿಗೆ ಮಾಡ್ತೀನಿ.”

ಅಪ್ಪನದು ತೆಂಗಿನಕಾಯಿ ಮಂಡಿ. ಇಂಥ ಮಾತು ಕೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

“ಪ್ರಪಂಚದ ಬಡತನ ಹಂಗಿರ್ಲಿ ಕಣೋ. ನಿನ್ ಹೆಂಡ್ತಿ ಬೊಂಬಾಯಿ ಬಿಟ್ಟು ಬತ್ತಾಳೋ ಇಲ್ವೋ, ಮೊದ್ಲು ಅದ್ ಹೇಳು,” ಅಂದರು.

ಚಿಕ್ಕಮ್ಮ ಬರಲಿಲ್ಲ. ಚಿಕ್ಕಪ್ಪ ಹಿಂದಕ್ಕೂ ಹೋಗಲಿಲ್ಲ. ಹಳೇಬೀಡಿನ ಕೆರೆಯ ಕಡೆ ಒಂದು ಹಳೇ ರಾಗಿ ಗೋದಾಮು ಹಿಡಿದು, ತೆಂಗಿನ ನಾರಿನಿಂದ ಮೈ ಉಜ್ಜುವ ಬ್ರಷ್ ಮಾಡಿಸಲು ಶುರು ಮಾಡಿದರು. ಕೊಳ್ಳುವವರು ಹೊರದೇಶದ ಒಂದು ಸಂಸ್ಥೆಯವರು. ಅವರದು ಒಂದೇ ಷರತ್ತು: ಕೆಲಸಕ್ಕೆ ಕಡುಬಡವರೇ ಬೇಕು. ಹೊಲ ಇರಬಾರದು, ಸ್ವಂತ ಮನೆ ಇರಬಾರದು, ಚಿನ್ನ ಇರಬಾರದು. ನನ್ನನ್ನು ಸೂಪರ್‌ವೈಸರ್ ಮಾಡಿದರು. ಉಪ್ಪಿಟ್ಟು ಕೊಡುವುದಕ್ಕಿಂತ ಇದು ವಾಸಿ ಅಂತ ನಾನೂ ದಿನಾ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ ಹತ್ತಿದೆ.

ಮೊದಲ ದಿನ ಬ್ರಷ್ಷಿನ ಮಾದರಿ ತೋರಿಸಿದಾಗ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದ್ರಾಗೆ ನಾವು ಎಮ್ಮೆ ಮೈ ತಿಕ್ಕೋದು ಕಣವ್ವಾ! ಅವ್ರು ಅವ್ರ ಮೈಯ್ಯೇ ತಿಕ್ಕೊಂತಾರಾ?” ಅಂತ ಒಬ್ಬಳು ಕೇಳಿದಳು. ಚಿಕ್ಕಪ್ಪನಿಗೆ ಅದು ತಮಾಷೆ ಅನ್ನಿಸಲಿಲ್ಲ. ಸತ್ತ ಚರ್ಮ, ರಕ್ತ ಸಂಚಾರ ಅಂತ ಏನೇನೋ ವಿವರಿಸಿದರು. ಹೆಂಗಸರು ಇನ್ನೂ ಜಾಸ್ತಿ ನಕ್ಕರು.

ಆ ಹೆಂಗಸರಲ್ಲಿ ಒಬ್ಬಳನ್ನು ಎಲ್ಲರೂ ಗಂಡಸಿಯೋಳು ಅಂತ ಕರೆಯುತ್ತಿದ್ದರು. ಗಂಡನ ಊರು ಗಂಡಸಿ, ಊರಿನ ಹೆಸರೇ ಅವಳ ಹೆಸರಾಗಿತ್ತು. ಅವಳು ಆ ಮನೆ ಬಿಟ್ಟು ಓಡಿಬಂದವಳು. ಮಕ್ಕಳಾಗಲಿಲ್ಲ ಅಂತ ಗಂಡ ಹೊಡೆಯುತ್ತಿದ್ದ. ಅದು ಹಳತಾದ ಮೇಲೆ ಯಾವ ಕಾರಣವೂ ಇಲ್ಲದೆ ಹೊಡೆಯುತ್ತಿದ್ದ. ತವರು ಪಕ್ಕದ ಹುಲಿಕೆರೆಯಲ್ಲೇ ಇದ್ದರೂ ಅತ್ತಿಗೆ ಹೊಸಿಲು ದಾಟಲು ಬಿಡಲಿಲ್ಲ. ನಮ್ಮ ಗೋದಾಮಿನ ಹಿಂದೆ ಒಂದು ಒಂಟಿಕೋಣೆ ಬಾಡಿಗೆಗೆ ಹಿಡಿದಿದ್ದಳು. ಗಂಡ ಇವಳ ತಾಳಿಯ ಚಿನ್ನವನ್ನೂ ಬಿಟ್ಟಿರಲಿಲ್ಲ, ಬಿಚ್ಚಿಕೊಂಡು ಮಾರಿದ್ದ. ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು ಮಾತ್ರ ಇತ್ತು.

“ಈ ಕೆಲ್ಸ ಒಂದಿದ್ರೆ ನಾನು ಆ ಮನೆಗೆ ಹೋಗಾಕಿಲ್ಲ ಅಕ್ಕೋರೆ,” ಅಂತ ನನ್ನ ಹತ್ತಿರ ಹೇಳಿದ್ದಳು. “ಇದು ಹೋಯ್ತೋ, ನಾನೂ ಹೋದಂಗೇಯ.” ಅವಳು ಅಳುತ್ತ ಹೇಳಲಿಲ್ಲ. ನಾರು ಬಾಚುತ್ತ, ಇವತ್ತು ಸಾರಿಗೆ ಏನು ಹಾಕಲಿ ಅನ್ನುವ ಹಾಗೆ ಹೇಳಿದಳು.

ಒಂದು ದಿನ ಹೊರದೇಶದ ಮೇಡಂ ಬರುತ್ತಾರೆಂದು ಗೊತ್ತಾಯಿತು. ಚಿಕ್ಕಪ್ಪ ಗೋದಾಮಿಗೆ ಸುಣ್ಣ ಹೊಡೆಸಿದರು, ಹೆಂಗಸರಿಗೆ ನಮಸ್ಕಾರ ಮಾಡುವುದನ್ನು ಕಲಿಸಿದರು. ಹುಟ್ಟಿದಾಗಿಂದ ಬಲ್ಲದ್ದನ್ನು ಕಲಿಸಿದರೆ ಯಾರು ತಾನೆ ಸರಿಯಾಗಿ ಕಲಿಯುತ್ತಾರೆ! ಮೇಡಂಗೆ ಕುಂಕುಮ ಇಟ್ಟು ಹೂವು ಕೊಡಲು ಗಂಡಸಿಯವಳನ್ನು ಆರಿಸಿದರು. ಎಲ್ಲರಿಗಿಂತ ಅವಳ ಬ್ರಷ್ಷೇ ಚೆನ್ನಾಗಿರುತ್ತಿತ್ತು. ಆದರೆ ಬರುವವರ ಕಣ್ಣಿಗೆ ಏನು ಬೀಳಬೇಕು, ಏನು ಬೀಳಬಾರದು ಅನ್ನುವ ಒಂದು ಮಾತನ್ನು ಈ ಮಹಾ ವ್ಯಾಪಾರಸ್ಥರು ಹೇಳಲಿಲ್ಲ.

ನಮ್ಮ ಕಡೆ ಮನೆಗೆ ನೆಂಟರು ಬಂದರೆ ಇರುವುದರಲ್ಲಿ ಒಳ್ಳೆಯದನ್ನು ಉಡುತ್ತಾರೆ. ಇಲ್ಲದಿದ್ದರೆ ಪಕ್ಕದ ಮನೆಯಿಂದ ತಂದು ಉಡುತ್ತಾರೆ. ಅರಸೀಕೆರೆ ಛತ್ರಗಳ ಮದುವೆಗಳಲ್ಲಿ ಅರ್ಧ ಒಡವೆ ಎರವಲಿನದೇ. ಅದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಅಪ್ಪಿತಪ್ಪಿ ಯಾರಾದರೂ ಕೇಳಿದರೆ ‘ನಂದೇ’ ಅನ್ನಬೇಕು, ಬೇರೆ ಉತ್ತರವೇ ಇಲ್ಲ. ಎರವಲು ಅಂದರೆ ಹಾಕಿಕೊಂಡವಳ ಮಾನವೂ ಹೋಗುತ್ತದೆ, ಕೊಟ್ಟವಳ ಮಾನವೂ ಹೋಗುತ್ತದೆ.

ಗಂಡಸಿಯವಳಿಗೆ ಸರ ಕೊಟ್ಟವಳು ಅವಳ ಮನೆ ಓನರಮ್ಮ. “ನಮ್ಮನೆ ಬಾಡ್ಗೆಯೋಳು ಊರೋರ ಮುಂದೆ ಬೋಳುಕತ್ತಲ್ಲಿ ನಿಂತ್ರೆ ನನ್ಗೇನು ಮರ್ವಾದೆ?” ಅಂತ ಎರಡೆಳೆ ಸರ, ಜುಮಕಿ, ತನ್ನ ಮದುವೆಯ ರೇಷ್ಮೆ ಸೀರೆ ಎಲ್ಲ ಕೊಟ್ಟಳು. ಅಂದು ಗಂಡಸಿಯವಳು ಬಂದು ನಿಂತಾಗ ನಾವೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದೆವು. ಅಷ್ಟು ಲಕ್ಷಣವಾಗಿದ್ದಳು. ಅವಳಿಗೂ ಅದು ಗೊತ್ತಿತ್ತು, ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮೇಡಂ ಕಾರಿನಿಂದ ಇಳಿದು ಹೂವು ತೆಗೆದುಕೊಂಡರು, ಕುಂಕುಮ ಇಡಿಸಿಕೊಂಡರು. ಆಮೇಲೆ ಸರ ನೋಡಿದರು. ಮುಖದ ನಗು ಹಾಗೇ ಇತ್ತು. ಚಿಕ್ಕಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಚಿಕ್ಕಪ್ಪ ಬೆವರು ಒರೆಸಿಕೊಂಡು, ಅಷ್ಟು ಜನರ ಮುಂದೆ, ಓನರಮ್ಮ ಬಾಗಿಲಲ್ಲೇ ನಿಂತಿರುವಾಗ, ಕೇಳಬಾರದ್ದನ್ನು ಕೇಳಿದರು.

“ಏನಮ್ಮ, ಈ ಸರ ನಿಂದೇನಾ?”

ಗಂಡಸಿಯವಳು ಓನರಮ್ಮನ ಕಡೆ ನೋಡಿದಳು. ಓನರಮ್ಮ ಕಣ್ಣಲ್ಲೇ ಗದರಿದಳು.

“ಹೂಂ ಬುದ್ದಿ. ನಂದೇ.”

ಚಿಕ್ಕಪ್ಪ ಅರಸೀಕೆರೆಯಲ್ಲಿ ಹುಟ್ಟಿದವರು. ಅವರ ಸ್ವಂತ ಅಕ್ಕ ಎರವಲು ಒಡವೆಯಲ್ಲಿ ಹಸೆಮಣೆ ಏರಿದವಳು. ಆ ‘ನಂದೇ’ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲವೇ? ಆದರೂ ಮೇಡಂ ಕಡೆ ತಿರುಗಿ, ಹೌದು, ಇವಳದೇ ಅಂದರು. ಮೇಡಂ ಬಹಳ ಮೃದುವಾಗಿ, ಹಾಗಾದರೆ ಈ ಜಾಗ ಇವಳಿಗಿಂತ ಬಡವಳಾದ ಇನ್ನೊಬ್ಬಳಿಗೆ ಸಿಗಬೇಕಲ್ಲವೇ ಅಂದರು. ಆಮೇಲೆ ಗಂಡಸಿಯವಳ ಕೈ ಹಿಡಿದು ಫೋಟೋ ತೆಗೆಸಿಕೊಂಡರು. ಅವರು ಏನು ಹೇಳಿದರೆಂದು ಅವಳಿಗೆ ತಿಳಿಯದು. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ.

ಸಂಜೆ ನಾನು ಚಿಕ್ಕಪ್ಪನಿಗೆ ಬಾಯಿಗೆ ಬಂದಂತೆ ಬೈದೆ.

“ನಿಮ್ಗೆ ಗೊತ್ತಿತ್ತು ಚಿಕ್ಕಪ್ಪ, ಅದು ಎರವಲು ಸರ ಅಂತ!”

“ಗೊತ್ತಿತ್ತು ಕಣಮ್ಮ.”

“ಮತ್ತೆ ಹೇಳೋಕೇನಾಗಿತ್ತು ನಿಮ್ಗೆ?”

“ಸಾಲ ಮಾಡಿ ಶೋಕಿ ಮಾಡ್ತಾರೆ ಅನ್ಕೊಳ್ಳಲ್ವಾ ಅವ್ರು? ಒಬ್ಬಳಿಗೋಸ್ಕರ ಆರ್ಡರ್ ಕಳ್ಕೊಂಡ್ರೆ ಉಳಿದೋರ ಗತಿ ಏನು? ಬಿಸಿನೆಸ್ ಅಂದ್ರೆ ಹಾಗೇನೇ. ಒಂದು ಪೀಸು ರಿಜೆಕ್ಟ್ ಆಗುತ್ತೆ, ಲಾಟ್ ಉಳಿಯುತ್ತೆ.”

ಥೂ! ಪೀಸಂತೆ, ಲಾಟಂತೆ. ಅವರ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಮೇಡಂ ಬೇಲೂರಿನಲ್ಲಿ ಉಳಿದುಕೊಂಡಿದ್ದರು. ಮಾರನೇ ಬೆಳಿಗ್ಗೆ ಯಾರಿಗೂ ಹೇಳದೆ ಬೇಲೂರಿಗೆ ಹೋದೆ. ಅವರು ದೇವಸ್ಥಾನದಲ್ಲಿ ಕತ್ತೆತ್ತಿ ಶಿಲಾಬಾಲಿಕೆಯರ ಫೋಟೋ ತೆಗೆಯುತ್ತಿದ್ದರು. ನನ್ನನ್ನು ಗುರುತು ಹಿಡಿದು, ನೋಡು, ಈ ಕಲ್ಲಿನ ಹಾರ ಎಷ್ಟು ಚೆಂದ, ಸೊಂಟದ ಪಟ್ಟಿ ಎಷ್ಟು ನಯ ಅಂತ ಸಂತೋಷಪಟ್ಟರು. ಕಲ್ಲಿನ ಹೆಂಗಸು ಮೈತುಂಬ ಒಡವೆ ಹೇರಿಕೊಂಡರೆ ಅವರಿಗೆ ಏನೂ ತೊಂದರೆಯಿರಲಿಲ್ಲ. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ: ಸರ ಓನರಮ್ಮನದು, ಅವಳ ಕತ್ತಿನಲ್ಲಿ ಅರಿಶಿನದ ಕೊಂಬು ಬಿಟ್ಟರೆ ಏನಿಲ್ಲ, ಈ ಕೆಲಸ ಹೋದರೆ ಅವಳು ಹೊಡೆಯುವ ಗಂಡನ ಹತ್ತಿರ ಹೋಗಬೇಕು.

ಅವರು ಪೂರ್ತಿ ಕೇಳಿದರು. ಕಣ್ಣಲ್ಲಿ ನೀರು ಕೂಡ ಬಂತು. ಆಮೇಲೆ ಕೇಳಿದರು: ಅಂದರೆ, ಅವಳು ನನಗೆ ಸುಳ್ಳು ಹೇಳಿದಳೇ?

ಇಲ್ಲ ಅಂದೆ. ಹಾಗಾದರೆ ಸರ ಅವಳದೇ? ಅಲ್ಲ. ಮತ್ತೆ ಸುಳ್ಳಲ್ಲವೇ? ನಮ್ಮ ಕೆಲಸ ನಡೆಯುವುದೇ ನಂಬಿಕೆಯ ಮೇಲೆ, ಅಂದರು ಅವರು. ‘ನಂದೇ’ ಅನ್ನುವುದು ಸುಳ್ಳಲ್ಲ, ಮರ್ಯಾದೆ ಅಂತ ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತಾರೋ ನನಗೆ ಇವತ್ತಿಗೂ ಬರುವುದಿಲ್ಲ. ಅವರು ನನ್ನ ಭುಜ ತಟ್ಟಿ, ನಿನ್ನದು ಒಳ್ಳೆಯ ಮನಸ್ಸು ಅಂದರು. ಅಲ್ಲಿಂದ ಹುಲಿಕೆರೆಯ ಹಳೇ ಕಲ್ಲಿನ ಕೊಳ ನೋಡಲು ಹೊರಟರು.

ಗಂಡಸಿಯವಳಿಗೆ ಕೆಲಸ ಹೋಯಿತು ಅಂತ ಹೇಳುವ ಕೆಲಸವನ್ನು ಚಿಕ್ಕಪ್ಪ ನನಗೇ ಬಿಟ್ಟರು. ಹೇಳಿದೆ. ಅವಳು ಬಗ್ಗಿ, ಸೆರಗಿಗೆ ಹತ್ತಿದ್ದ ನಾರನ್ನು ಒಂದೊಂದಾಗಿ ತೆಗೆಯುತ್ತ ನಿಂತಳು. “ಎರವಲು ಅಂದಿದ್ರೆ ಉಳೀತಿತ್ತಾ ಅಕ್ಕೋರೆ?” ಅಂತ ಕೇಳಿದಳು.

ಇನ್ನು ಆಮೇಲಿನದು ಕೇಳಿ. ಖಾಲಿಯಾದ ಜಾಗಕ್ಕೆ ಹೆಂಗಸು ಬೇಕಲ್ಲ, ಓನರಮ್ಮ ಬಂದಳು! ಸರ ಬಿಚ್ಚಿಟ್ಟು, ಹಳೇ ಸೀರೆ ಉಟ್ಟು, ಬೋಳುಕತ್ತಿನಲ್ಲಿ ಬಂದು ನಿಂತಳು. ಊರೋರ ಮುಂದಿನ ಮರ್ಯಾದೆ ಅಷ್ಟರಲ್ಲಿ ಎಲ್ಲಿ ಹೋಗಿತ್ತೋ! ಆಕೆಗೆ ಸ್ವಂತ ಮನೆ ಇತ್ತು, ಬಾಡಿಗೆಗೆ ಕೋಣೆ ಇತ್ತು, ಎರಡೆಳೆ ಸರವೂ ಇತ್ತು. ಆದರೆ ಹಳೇ ಹೊಟ್ಟೆನೋವಿನಿಂದ ಕೆನ್ನೆ ಒಳಕ್ಕೆ ಹೋಗಿ, ಕಣ್ಣು ಗುಳಿ ಬಿದ್ದಿದ್ದವು. ನಾನು ಕೂಗಾಡಿದೆ. ಚಿಕ್ಕಪ್ಪ ಅವಳ ಮುಖವನ್ನು ಒಂದು ಗಳಿಗೆ ನೋಡಿ, “ಫೋಟೋಕ್ಕೆ ಸರಿಯಾಗಿದ್ದಾಳೆ ಬಿಡು,” ಅಂದರು. ಮುಂದೆ ಬ್ರಷ್ಷಿನ ಪೊಟ್ಟಣದ ಮೇಲೆಲ್ಲ ಅವಳದೇ ಮುಖ ಬಂತು. ಎಷ್ಟು ದೇಶದ ಬಚ್ಚಲುಮನೆಗಳಲ್ಲಿ ಆ ಹೊಟ್ಟೆನೋವಿನ ಮುಖಕ್ಕೆ ಜನ ಮರುಗಿದರೋ, ಶಿವನೇ ಬಲ್ಲ.

ಕೆಲಸಕ್ಕೆ ಸೇರಿದ ವಾರದಲ್ಲೇ ಓನರಮ್ಮ ಗಂಡಸಿಯವಳಿಗೆ ಕೋಣೆ ಬಿಡು ಅಂದಳು. ದುಡಿಮೆ ಇಲ್ಲದವಳು ಬಾಡಿಗೆ ಎಲ್ಲಿಂದ ತರುತ್ತಾಳೆ ಅನ್ನುವುದು ಅವಳ ಮಾತು. ನಾನು ಅರಸೀಕೆರೆಯ ನಮ್ಮ ಮನೆಗೇ ಕರೆದುಕೊಂಡು ಬರುತ್ತೇನೆ ಅಂದೆ. ಅಪ್ಪ ಕಡ್ಡಿ ಮುರಿದ ಹಾಗೆ ಬೇಡ ಅಂದರು. ಗಂಡ ಇರುವವಳನ್ನು ಮನೆಯಲ್ಲಿಟ್ಟುಕೊಂಡರೆ ಅವನು ಬಂದು ಬೀದಿಯಲ್ಲಿ ನಿಂತು ಬೊಬ್ಬೆ ಹೊಡೆಯುತ್ತಾನೆ, ಮೊದಲೇ ನಿನಗೆ ಗಂಡು ಕೂಡಿಬರುತ್ತಿಲ್ಲ ಅಂದರು. ಸುದ್ದಿ ಗಂಡಸಿಗೂ ಮುಟ್ಟಿ, ಅವಳ ಗಂಡ ಮೊಪೆಡ್ಡಿನಲ್ಲಿ ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, “ನಡಿಯೇ ಮನೆಗೆ, ನಾನೇನು ಬ್ಯಾಡ ಅಂದಿದ್ನಾ?” ಅಂದ. ಜನ ಅವನನ್ನು ಎಂಥಾ ಒಳ್ಳೇ ಗಂಡಸು ಅಂತ ನೋಡಿದರು. ಅವಳು ಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು.

ಎರಡು ವರ್ಷ ಕಳೆಯಿತು. ಮಾಲು ಚೆನ್ನಾಗಿ ಹೋಗುತ್ತಿತ್ತು. ಚಿಕ್ಕಪ್ಪನನ್ನು ಕಾಲೇಜುಗಳಿಗೆ ಭಾಷಣಕ್ಕೆ ಕರೆಯುತ್ತಿದ್ದರು, ವ್ಯಾಪಾರದಿಂದ ಬಡತನ ಹೇಗೆ ಹೋಗುತ್ತದೆ ಅಂತ ಹೇಳಿ ಶಾಲು ಹೊದೆಸಿಕೊಂಡು ಬರುತ್ತಿದ್ದರು. ಅಷ್ಟರಲ್ಲಿ ಹೊರದೇಶದವರು ತಮ್ಮ ಷರತ್ತನ್ನೇ ಕೈಬಿಟ್ಟರು. ಚಿನ್ನ ಇದ್ದರೇನು, ಬಿಟ್ಟರೇನು, ಕೆಲಸ ಬರುವ ಹೆಂಗಸರು ಸಿಕ್ಕಿದರೆ ಸಾಕು ಅಂತ ಬರೆದರು. ಆರ್ಡರ್ ಅಷ್ಟಿತ್ತು.

ಕೇಳಿದವಳೇ ನಾನು ಗಂಡಸಿ ಬಸ್ ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹಳೇಬೀಡಿಗೆ ಓಡಿಹೋಗಿದ್ದೋಳ ಮನೆ ಅಂದರೆ ಎಲ್ಲರೂ ತೋರಿಸಿದರು. ಅವಳು ಜಗುಲಿಯ ಮೇಲೆ ರಾಗಿ ಕೇರುತ್ತಿದ್ದಳು. ಪಕ್ಕ ಕೂತು, “ಕೆಲಸ ಐತೆ ಬಾ, ಕೋಣೆಯನ್ನೂ ನಾನೇ ನೋಡ್ತೀನಿ,” ಅಂದೆ. ಅವಳು ಕೇರುತ್ತಲೇ ಇದ್ದಳು. ಕೋಪ ಮಾಡಿಕೊಂಡಿದ್ದಾಳೆ ಅಂದುಕೊಂಡೆ. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅತ್ತೆ ತಿರುಗಿಯೂ ನೋಡದೆ ಹೇಳಿದಳು: “ಆ ಕಡೀಕೆ ಹೋಗಿ ಹೇಳವ್ವ. ಈ ಕಿವಿ ಕೇಳಾಕಿಲ್ಲ. ಹೋದ್ ವರ್ಸ ಒಂದೇಟು ಬಿತ್ತು.”

ನಾನು ಎದ್ದು ಆ ಕಡೆಗೆ ಹೋಗಿ ಕೂತು, ಎಲ್ಲವನ್ನೂ ಮತ್ತೆ ಹೇಳಿದೆ. ಈಗ ಅವಳಿಗೆ ಕೇಳಿಸಿತು. ಮೊರ ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು. ಒಂದು ಕ್ಷಣ ಬರುತ್ತಾಳೆ ಅನ್ನಿಸಿತು, ದೇವರಾಣೆ ಹಾಗನ್ನಿಸಿತು. ಅವಳು ದಾರಿಯ ಕಡೆ ನೋಡಿ, ನನ್ನ ಮಂಡಿಯನ್ನು ಮೆಲ್ಲಗೆ ನೂಕಿದಳು.

“ಅವ್ನು ಬರೋ ಹೊತ್ತಾತು, ಎದ್ದೋಗಿ ಅಕ್ಕೋರೆ. ನಿಮ್ಮನ್ನ ಇಲ್ಲಿ ಕಂಡ್ರೆ ಇನ್ನೊಂದು ಕಿವೀನೂ ಬಿಡಾಕಿಲ್ಲ.”

ನಾನು ಎದ್ದು ಬಂದೆ.